ಪುಟ್ಟಿಗೆ ದೊಡ್ಡಪ್ಪನ ಪತ್ರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪ್ರೋಗ್ರಾಂ ಸಿಂಥೆಸಿಸ್ ಕೆಲಸಕ್ಕೆ ಇಳಿದಿದ್ದೀಯ ಅಂತ ಓದಿ ತುಂಬಾ ಖುಷಿಯಾಯಿತು. "ಏನು ಬೇಕು ಅಂತ ಲಾಜಿಕ್‌ನಲ್ಲಿ ಬರೆದರೆ ಸಾಕು, ಕೋಡ್ ತಾನಾಗಿ ಬರುತ್ತೆ" ಅಂತ ಬರೆದಿದ್ದೀಯ. ಆ 'ಸಾಕು' ಅನ್ನುವ ಮಾತು ನನ್ನನ್ನು ಕಾಡುತ್ತಿದೆ. ಅದಕ್ಕೇ ಈ ಕಾಗದ.

ಒಂದು ಸಣ್ಣ ಆರ್ಬಿಟರ್ ತಗೋ, ಅಂದರೆ ಒಂದೇ ವಸ್ತುವನ್ನು ಕೇಳುವವರ ನಡುವೆ ಹಂಚುವ ಯಂತ್ರ. ಇಬ್ಬರು ಕೇಳುವವರು, ಕೊಡುವುದಕ್ಕೆ ಇರುವುದು ಒಂದೇ. ಕೇಳಿದವರಿಗೆ ಎಂದಾದರೂ ಸಿಗಬೇಕು, ಇಬ್ಬರಿಗೂ ಒಟ್ಟಿಗೆ ಕೊಡಬಾರದು. ಎರಡೇ ಸಾಲು. ಇದಕ್ಕೆ ಸಿಂಥೆಸಿಸ್ ಟೂಲ್ ಎರಡು ಸ್ಟೇಟ್‌ಗಳ (ಸ್ಥಿತಿಗಳ) ಯಂತ್ರ ಕೊಟ್ಟೀತು: ಒಂದು ಗಳಿಗೆ ಇವನಿಗೆ, ಮುಂದಿನ ಗಳಿಗೆ ಅವನಿಗೆ, ಯಾರೂ ಕೇಳದಿದ್ದರೂ ಕೊಡುತ್ತಲೇ ಇರುತ್ತದೆ. ನೀನು ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸಿದೆ, ಅಲ್ವಾ?

ಸರಿ, ಇನ್ನೊಂದು ಸಾಲು ಸೇರಿಸು: ಆ ಗಳಿಗೆಯಲ್ಲಿ ಕೈ ಎತ್ತಿ ಕೇಳುತ್ತಿರದವನಿಗೆ ಕೊಡಬಾರದು. ಈಗ ಟೂಲ್ 'ಅನ್‌ರಿಯಲೈಸಬಲ್' ಅನ್ನುತ್ತದೆ, ಅಂದರೆ ಇಂಥ ಯಂತ್ರ ಕಟ್ಟಲು ಆಗಲ್ಲ. ಇಬ್ಬರೂ ಒಟ್ಟಿಗೆ ಕೈ ಎತ್ತಿ, ಮರುಗಳಿಗೆಗೆ ಇಬ್ಬರೂ ಇಳಿಸಿಬಿಟ್ಟು ಮತ್ತೆಂದೂ ಎತ್ತದಿದ್ದರೆ? ಒಬ್ಬನಿಗೆ ಕೊಡಬಹುದು. ಇನ್ನೊಬ್ಬನಿಗೆ ಕೊಡುವ ದಾರಿ ಶಾಶ್ವತವಾಗಿ ಮುಚ್ಚಿತು.

ಈ ಉತ್ತರ ಬಂದಾಗ ಬೇಜಾರಾಗಬೇಡ, ಸಾಲು ಅಳಿಸುವುದಕ್ಕೂ ಹೋಗಬೇಡ. ಲಾಜಿಕ್‌ನಲ್ಲಿ ಬರೆದ ಬೇಡಿಕೆಯಿಂದ ಸರ್ಕ್ಯೂಟ್ ಕಟ್ಟಬಹುದೇ ಅಂತ ತರ್ಕಶಾಸ್ತ್ರಜ್ಞ ಅಲೋಂಜೊ ಚರ್ಚ್ 1957ರಲ್ಲಿ ಕೇಳಿದರು. ಬ್ಯೂಖಿ ಮತ್ತು ಲ್ಯಾಂಡ್‌ವೆಬರ್ 1969ರಲ್ಲಿ ಅದನ್ನು ಯಂತ್ರಕ್ಕೂ ಹೊರಗಿನ ಲೋಕಕ್ಕೂ ನಡೆಯುವ ಆಟವಾಗಿ ನೋಡಿ ಉತ್ತರ ಕೊಟ್ಟರು. ಇಬ್ಬರಲ್ಲಿ ಒಬ್ಬರಿಗೆ ಗೆಲ್ಲುವ ತಂತ್ರ ಇದ್ದೇ ಇರುತ್ತದೆ, ಅದಕ್ಕೆ ಮಿತಿಯುಳ್ಳ ನೆನಪು ಸಾಕು. ಅಂದರೆ 'ಆಗಲ್ಲ' ಅನ್ನುವ ಉತ್ತರದ ಹಿಂದೆಯೂ ಎದುರಾಳಿಯ ತಂತ್ರ ಒಂದು ಇದೆ. ಟೂಲ್‌ನಿಂದ ಅದನ್ನು ತೆಗೆಸಿಕೋ. ಪೇಪರ್ ಮೇಲೆ ಅದರೆದುರು ಆಡಿ ಸೋತು ನೋಡು. ನಿನ್ನ ಬರಹದಲ್ಲಿ ಏನು ತಪ್ಪಿದೆ ಅಂತ ಅಲ್ಲೇ ಕಾಣುತ್ತದೆ.

ಲಾಜಿಕ್ ಸಾಲುಗಳನ್ನು ಆಟೋಮ್ಯಾಟನ್, ಅಂದರೆ ಸ್ಟೇಟ್‌ಗಳ ಯಂತ್ರ, ಮಾಡುವ ಭಾಗವನ್ನು ಟೂಲ್ ಒಳಗೆ ಬಿಟ್ಟು ಮರೆಯಬೇಡ. 'ಒಂದು ಹಂತದಿಂದಾಚೆ ಸದಾ ದೀಪ ಉರಿಯುತ್ತಿರಬೇಕು' ಅನ್ನುವುದಕ್ಕೆ ಬ್ಯೂಖಿ ಆಟೋಮ್ಯಾಟನ್ (ಕೊನೆಯಿಲ್ಲದ ಓಟದಲ್ಲಿ ಗುರುತಿಟ್ಟ ಸ್ಟೇಟ್‌ಗೆ ಮತ್ತೆ ಮತ್ತೆ ಬರುತ್ತಲೇ ಇದ್ದರೆ ಒಪ್ಪುವ ಯಂತ್ರ) ಬರೆ. 'ಆ ಹಂತ ಇದೇ' ಅಂತ ಊಹಿಸಿ ಎರಡನೇ ಸ್ಟೇಟ್‌ಗೆ ಹಾರುತ್ತದೆ, ಅಷ್ಟೇ. ಆದರೆ ಆಟದಲ್ಲಿ ಊಹೆ ನಡೆಯಲ್ಲ. ಮುಂದೇನು ಬರುತ್ತದೆ ಅಂತ ಗೊತ್ತಿಲ್ಲದೆಯೇ ಯಂತ್ರ ಈಗಲೇ ನಡೆ ಇಡಬೇಕು. ಊಹೆ ತೆಗೆದ ಬ್ಯೂಖಿ ಆಟೋಮ್ಯಾಟನ್‌ನಲ್ಲಿ ಈ ಮಾತನ್ನು ಹೇಳಲಿಕ್ಕೇ ಆಗಲ್ಲ. ಯಾಕೆ ಅಂತ ನೀನೇ ಒಂದು ಸಂಜೆ ಕೂತು ಸಾಧಿಸು. ಆಮೇಲೆ ಊಹೆ ತೆಗೆಯುವುದಕ್ಕೆ ಸಾಫ್ರಾ 1988ರಲ್ಲಿ ಕೊಟ್ಟ ವಿಧಾನ ಯಾಕೆ ಅಷ್ಟು ತೊಡಕಾಗಿದೆ ಅಂತ ತಿಳಿಯುತ್ತದೆ.

ಖರ್ಚೂ ಗೊತ್ತಿರಲಿ. ಎಲ್‌ಟಿಎಲ್‌ನಿಂದ ('ಎಂದಾದರೂ', 'ಸದಾ' ಅನ್ನುವಂಥ ಕಾಲದ ಮಾತು ಹೇಳುವ ಲಾಜಿಕ್‌ನಿಂದ) ಸಿಂಥೆಸಿಸ್ ಮಾಡುವುದು ಕೆಟ್ಟ ಸಂದರ್ಭದಲ್ಲಿ ಎಕ್ಸ್‌ಪೊನೆನ್ಶಿಯಲ್ ಮೇಲೆ ಇನ್ನೊಂದು ಎಕ್ಸ್‌ಪೊನೆನ್ಶಿಯಲ್ ಅಂತ ಪ್ನುಯೆಲಿ ಮತ್ತು ರೋಸ್ನರ್ 1989ರಲ್ಲೇ ತೋರಿಸಿದರು. ಅದೇ ಲಾಜಿಕ್‌ನ ಜಿಆರ್(1) ಅನ್ನುವ ಕಿರಿದಾದ ರೂಪದಲ್ಲಿ ಬರೆದರೆ ಆಟದ ಸ್ಟೇಟ್‌ಗಳ ಸಂಖ್ಯೆಯ ಘನದಷ್ಟು ಸಮಯ ಸಾಕು. 2006ರಲ್ಲಿ ಬಂದ ಫಲಿತಾಂಶ ಇದು. ಮೊದಲು ಅದರಲ್ಲಿ ಬರೆಯಲು ನೋಡು.

ಮತ್ತೆ ಆರ್ಬಿಟರ್‌ಗೆ ಬರೋಣ. 'ಸಿಗುವವರೆಗೂ ಎತ್ತಿದ ಕೈ ಇಳಿಸಬಾರದು' ಅಂತ ಕೇಳುವವರ ಕಡೆಗೆ ಒಂದು ಅಸಂಪ್ಷನ್ (ಅವರು ಹೀಗೇ ನಡೆದುಕೊಳ್ಳುತ್ತಾರೆ ಅನ್ನುವ ನಂಬಿಕೆ) ಸೇರಿಸು. ಯಂತ್ರ ಸಿಗುತ್ತದೆ. ನಾನು ಹೊಸದರಲ್ಲಿ ಇಷ್ಟಕ್ಕೇ ನಿಲ್ಲಲಿಲ್ಲ. 'ಯಾರೂ ಕೊನೆಯಿಲ್ಲದಂತೆ ಕೈ ಎತ್ತಿಕೊಂಡೇ ಇರಬಾರದು' ಅಂತಲೂ ಬರೆದೆ. ಕೇಳಲು ನ್ಯಾಯವಾಗಿಯೇ ಇದೆ. ಬಂದ ಯಂತ್ರ ಯಾರಿಗೂ ಏನೂ ಕೊಡದೆ ಸುಮ್ನೆ ಕೂತಿತ್ತು. ಕೊಡದಿದ್ದರೆ ಕೈ ಇಳಿಸುವಂತಿಲ್ಲ. ಇಳಿಸದಿದ್ದರೆ ಎರಡನೇ ಅಸಂಪ್ಷನ್ ಮುರಿಯುತ್ತದೆ. ಮುರಿದ ಮೇಲೆ ಯಂತ್ರಕ್ಕೆ ಯಾವ ಹೊಣೆಯೂ ಇಲ್ಲ. ಟೂಲ್ 'ರಿಯಲೈಸಬಲ್' ಅಂದಿತ್ತು, ನಾನು ಒಳಗೆ ತೆಗೆದು ನೋಡದೆ ನಂಬಿದ್ದೆ. ಆ ಸಂಕಟ ಇವತ್ತಿಗೂ ನೆನಪಿದೆ. ನಿನಗೆ ಅದು ಬೇಡ.

ಬೇಡಿಕೆಗಿಂತ ಅಸಂಪ್ಷನ್‌ಗಳ ಮೇಲೆ ಜಾಸ್ತಿ ಹೊತ್ತು ಕಳೆ, ಮಗಳೇ. ಪ್ರತಿ ಅಸಂಪ್ಷನ್ ಪಕ್ಕದಲ್ಲೂ ಅದನ್ನು ನಡೆಸಿಕೊಡುವವರು ಯಾರು ಅಂತ ಬರೆದಿಡು. ಯಾರೂ ಇಲ್ಲದಿದ್ದರೆ ಆ ಸಾಲು ಬರೀ ನಿನ್ನ ಆಸೆ. ಹಾಗೆ ಬರೆದ ಒಂದು ಪ್ರತಿ ನನಗೂ ಕಳಿಸು. ಅದರೆದುರು ಎದುರಾಳಿಯಾಗಿ ನಾನೇ ಆಡಿ ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ