ನಿನಗಿನ್ನೂ ತಡವಾಗಿಲ್ಲ

ಪ್ರೀತಿಯ ಪುಟ್ಟಿ,

ಗರ್ಭಕೊರಳಿನ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್ಸಿಗೆ ಲಸಿಕೆ ಹಾಕಿಸಿಕೋ ಅಂದರೆ, "ಎಚ್‌ಪಿವಿ ಲಸಿಕೆ ಸ್ಕೂಲ್ ಹುಡುಗಿಯರಿಗಮ್ಮ, ನನಗೆ 24 ಆಯ್ತು" ಅಂದು ನೀನು ಫೋನ್ ಇಟ್ಟುಬಿಟ್ಟೆ. ಇಲ್ಲಿ ಜಗಲಿಯಲ್ಲಿ ನೆಂಟರಿದ್ದರು, ನನಗೂ ಬಿಡಿಸಿ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಶಾ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದ ಮೇಲೆ ತೀರ್ಥಹಳ್ಳಿ ಕಡೆ ಮನೆಮನೆ ಹತ್ತಿಳಿದು ಮಂಗನ ಕಾಯಿಲೆ ಲಸಿಕೆಗೆ ಜನರನ್ನು ಕರೆದವಳು ನಾನು. 6 ವರ್ಷದ ಮಗುವಿನಿಂದ 65ರ ಅಜ್ಜನವರೆಗೆ ಎಲ್ಲರಿಗೂ ಅದು ಬೇಕಿತ್ತು. ಕಾಡಿಗೆ ಹೋದವರಿಗೆ ಆ ಕಾಯಿಲೆ ಹರಡುವ ಉಣುಗು ಕಚ್ಚಲು ವಯಸ್ಸಿನ ಲೆಕ್ಕವಿಲ್ಲ.

ಎಚ್‌ಪಿವಿ ಬೇರೆ ಥರ. ಅದು ಮುಖ್ಯವಾಗಿ ಹರಡುವುದು ಲೈಂಗಿಕ ಸಂಪರ್ಕದಿಂದ. ವೈರಸ್ ಮೈ ಸೇರುವ ಮುಂಚೆಯೇ ಲಸಿಕೆ ಬಿದ್ದರೆ ಲಾಭ ಜಾಸ್ತಿ. 9ರಿಂದ 14 ವರ್ಷದ ಹುಡುಗಿಯರಿಗೆ ಮೊದಲು ಕೊಡಿ ಅನ್ನುವುದು ಅದಕ್ಕೇ. ಹಾಗಂತ ಆ ವಯಸ್ಸು ದಾಟಿದವರಿಗೆ ಕೊಟ್ಟರೆ ವ್ಯರ್ಥ ಅಂತಲ್ಲ. ಸ್ವೀಡನ್‌ನಲ್ಲಿ 16 ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳ ದಾಖಲೆ ನೋಡಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 17 ತುಂಬುವ ಮುಂಚೆ ಹಾಕಿಸಿಕೊಂಡವರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಶೇ 88ರಷ್ಟು ಕಡಿಮೆ. 17ರಿಂದ 30ರ ಒಳಗೆ ಹಾಕಿಸಿಕೊಂಡವರಲ್ಲಿ ಶೇ 53ರಷ್ಟು. ಅರ್ಧಕ್ಕಿಂತ ಜಾಸ್ತಿ ಆಯ್ತಲ್ವಾ? ನಮ್ಮ ದೇಶದ್ದೇ ಆದ ಸರ್ವಾವ್ಯಾಕ್ ಲಸಿಕೆ 26 ವರ್ಷದವರೆಗೆ ಕೊಡಬಹುದು. ನಿನ್ನ ವಯಸ್ಸಿಗೆ 3 ಡೋಸ್. ಮೊದಲನೆಯದಾದ 2 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ಗಂಡುಮಕ್ಕಳಿಗೂ ಅನುಮತಿ ಇದೆ. ವೈರಸ್ ಅವರಿಗೂ ತಗುಲುತ್ತದೆ, ಅವರಿಂದಲೂ ಹರಡುತ್ತದೆ. ನಿನ್ನ ತಮ್ಮನಿಗೂ ಹಾಕಿಸುತ್ತೇನೆ.

ನಿನ್ನ ಅತ್ತಿಗೆ 32ರವಳು, ತನಗೂ ಆಗುತ್ತದಾ ಅಂತ ಕೇಳಿದಳು. ಅಮೆರಿಕದಲ್ಲಿ 2018ರಲ್ಲಿ ಒಂದು ಎಚ್‌ಪಿವಿ ಲಸಿಕೆಗೆ 45 ವರ್ಷದವರೆಗೆ ಅನುಮತಿ ಕೊಟ್ಟರು. ಆದರೆ 26 ದಾಟಿದ ಎಲ್ಲರೂ ಹಾಕಿಸಿಕೊಳ್ಳಿ ಅಂತ ಅಲ್ಲೂ ಹೇಳುವುದಿಲ್ಲ, ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಿ ಅನ್ನುತ್ತಾರೆ. ಆಗಲೇ ಮೈ ಸೇರಿದ ವೈರಸ್ಸನ್ನು ಲಸಿಕೆ ಓಡಿಸುವುದಿಲ್ಲ. ಈ ವೈರಸ್ಸಿನಲ್ಲಿ ಹಲವು ಬಗೆ, ಇನ್ನೂ ತಗುಲದ ಕೆಲವನ್ನು ತಡೆಯಬಲ್ಲದು. ಹುಡುಗಿಯರ ಪಾಲು ಕಿತ್ತು ದೊಡ್ಡವರಿಗೆ ಕೊಡಿ ಅಂತ ನಾನು ಹೇಳಲಾರೆ. ಆದರೆ ಆ ವಯಸ್ಸಿನ ಹೆಂಗಸರಿಗೆ ಇಂಥದ್ದೊಂದು ಇದೆ ಅಂತಾದರೂ ಯಾರಾದರೂ ಹೇಳಬೇಕು. ಯಾರೂ ಹೇಳುತ್ತಿಲ್ಲ.

"ಮದುವೆಯಾಗದ ಹುಡುಗಿಗೆ ಇದೇಕೆ" ಅನ್ನುವವರು ನಮ್ಮೂರಲ್ಲಿ ಇದ್ದಾರೆ. ನಾನು ನಿನ್ನನ್ನು ಏನೂ ಕೇಳುವುದಿಲ್ಲ ಪುಟ್ಟಿ. ಇದು ಬಹಳ ಸಾಮಾನ್ಯವಾದ ವೈರಸ್. ಜೀವನದಲ್ಲಿ ಒಬ್ಬರ ಜೊತೆ ಮಾತ್ರ ಬಾಳಿದವರಿಗೂ ಬರಬಹುದು. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದರೆ, 15-20 ವರ್ಷ ಸದ್ದಿಲ್ಲದೆ ಇದ್ದು ಕ್ಯಾನ್ಸರ್ ಆಗಬಹುದು. ಮುಟ್ಟು ನಿಂತ ಮೇಲೆ ರಕ್ತ ಕಂಡರೂ ಗಂಡನಿಗೂ ಹೇಳದೆ ತೋಟದ ಕೆಲಸ ಮಾಡಿಕೊಂಡಿದ್ದವರನ್ನು ನೋಡಿದ್ದೇನೆ. ಅಂಥವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಕಾಯಿಲೆ ಮುಂದೆ ಹೋಗಿರುತ್ತದೆ. ನಾಚಿಕೆಗೆ ಇಷ್ಟು ಬೆಲೆ ಕೊಡಬಾರದು.

ಮಂಗನ ಕಾಯಿಲೆಯ ಆ ಹಳೇ ಲಸಿಕೆ ನಿಂತುಹೋಗಿದೆ. ಹೊಸದು ಯಾವಾಗ ಬರುತ್ತದೋ ಅಂತ ಮಲೆನಾಡಿನ ಜನ ಕಾಯುತ್ತಿದ್ದಾರೆ. ನಿನಗೆ ಬೇಕಾದದ್ದು ಬೆಂಗಳೂರಿನಲ್ಲಿ ಸಿಗುತ್ತದೆ. ಸುಮ್ನೆ ಯಾಕೆ ಮುಂದೂಡುತ್ತೀಯ?

ದುಡ್ಡಿನ ಯೋಚನೆ ಬೇಡ, ಅಡಿಕೆ ಮಾರಿದ್ದರಲ್ಲಿ ತೆಗೆದಿಟ್ಟಿದ್ದೇನೆ. ಲಸಿಕೆ ಹಾಕಿಸಿಕೊಂಡರೂ 30 ಆದ ಮೇಲೆ ಗರ್ಭಕೊರಳಿನ ತಪಾಸಣೆ ತಪ್ಪಿಸಬೇಡ. ಈ ವಾರವೇ ಡಾಕ್ಟರನ್ನು ಕಂಡು, ಮೊದಲ ಡೋಸ್ ಯಾವತ್ತು ಅಂತ ಮೆಸೇಜ್ ಹಾಕು.

ನಿನ್ನ ಅಮ್ಮ