ಹದಿನೇಳರ ಮಗ್ಗಿ

ಪ್ರೀತಿಯ ಸೀನ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾಲ್ಕು ಜನ ಓದಿದರೂ ಓದಲಿ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಸೈಕಲ್ ಪಂಪಿನ ವಿಷಯ ಮಾತ್ರ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಭಾನುವಾರ ಮಗಳು ಹಲಸಿನ ಮರದ ಚಿತ್ರ ಬರೆದು ತಂದಳು. ಬುಡದಿಂದಲೇ ಕಾಯಿಗಳು, ಒಂದೊಂದು ಕಾಯಿಗೂ ಚುಕ್ಕಿ ಚುಕ್ಕಿ ಮುಳ್ಳು. ನಾನು ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿದಳು: "ಇದಕ್ಕೆ ಏನು ಕೊಡಿಸುತ್ತೀಯ, ಅಪ್ಪಾ?" ಅದರಲ್ಲಿ ಆಸೆಯೂ ಇರಲಿಲ್ಲ, ಹಟವೂ ಇರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆಗೆ ಕೈ ಚಾಚಿದ ಹಾಗಿತ್ತು.

ಕಲಿಸಿದವನು ನಾನೇ. ಮಗ್ಗಿಗೆ ಚಾಕೊಲೇಟ್, ಊಟ ಮುಗಿಸಿದರೆ ಸ್ಟಿಕ್ಕರ್, ಪರೀಕ್ಷೆಗೆ ಗೊಂಬೆ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರವೊಂದರಲ್ಲಿ ಮಾಡಿದ ಪ್ರಯೋಗ 1973ರಲ್ಲಿ ಪ್ರಕಟವಾಗಿತ್ತು. ಚಿತ್ರ ಬರೆದರೆ ಬಹುಮಾನ ಪತ್ರ ಕೊಡುತ್ತೇವೆಂದು ಮೊದಲೇ ಆಸೆ ಹುಟ್ಟಿಸಿದ ಮಕ್ಕಳು, ಕೆಲವು ದಿನಗಳ ನಂತರ ತಾವಾಗಿ ಬಣ್ಣದ ಪೆನ್ನು ಹಿಡಿಯುವುದನ್ನೇ ಕಡಿಮೆ ಮಾಡಿದ್ದರು. ಹೇಳದೆ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಓದಿ ತಲೆಯಾಡಿಸಿ ಸುಮ್ಮನಾಗಿದ್ದೆ.

ನನ್ನ ಅಪ್ಪನ ಜೇಬಿನಲ್ಲಿ ಚಾಕೊಲೇಟಿಗೆ ಕಾಸಿರಲಿಲ್ಲ. ಅಡಿಕೆ ಸುಲಿಯುವ ರಾತ್ರಿಗಳು ನಿನಗೂ ನೆನಪಿರಬೇಕು. ಜಗಲಿಯಲ್ಲಿ ನಿಂತು ಹದಿನೇಳರ ಮಗ್ಗಿ ಒಪ್ಪಿಸುತ್ತಿದ್ದೆ, ನೀನು ಕಂಬದ ಹಿಂದಿನಿಂದ ತುಟಿಯಾಡಿಸುತ್ತಿದ್ದೆ. ನೂರೈವತ್ತಮೂರು ದಾಟಿ ದಡ ಸೇರಿದ ರಾತ್ರಿ ಅಪ್ಪ ಮೆಟ್ಟುಗತ್ತಿ ಬಿಟ್ಟು ಸರಿದು ಕುಳಿತು, "ಇನ್ನೊಂದು ಸಲ ಹೇಳು, ಕೇಳುತ್ತೇನೆ" ಎಂದರು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಅಡಿಕೆಯ ಚೊಗರು ಹಿಡಿದು ಕಪ್ಪಾದ ಅಂಗೈಯನ್ನು ನನ್ನ ತಲೆಯ ಮೇಲಿಟ್ಟರು. ಜಾಣ ಎಂದು ಅವರು ಯಾವತ್ತೂ ಹೇಳಿದ್ದಿಲ್ಲ. ಮರುದಿನ ನಾನು ಯಾರೂ ಕೇಳದೆ ಹದಿನೆಂಟರ ಮಗ್ಗಿ ಹಿಡಿದೆ.

ಸೀನ, ನಾನು ಕಚೇರಿಯಿಂದ ಬರುವಾಗ ರಾತ್ರಿ ಒಂಬತ್ತಾಗಿರುತ್ತದೆ. ಹತ್ತು ನಿಮಿಷ ಅವಳ ಪಕ್ಕ ಕುಳಿತುಕೊಳ್ಳುವುದಕ್ಕಿಂತ ಇನ್ನೂರು ರೂಪಾಯಿಯ ಗೊಂಬೆಯೇ ನನಗೆ ಸುಲಭವಾಗಿತ್ತು. ಅವಳು ಮಲಗಿಬಿಟ್ಟ ರಾತ್ರಿಗಳಲ್ಲಿ ಗೊಂಬೆಯನ್ನು ದಿಂಬಿನ ಪಕ್ಕ ಇಟ್ಟು, ಸಾಲ ತೀರಿತೆಂದುಕೊಂಡು ನೆಮ್ಮದಿಯಿಂದ ನಿದ್ದೆ ಮಾಡಿದ್ದೇನೆ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಇರಲಿ.

ನಿನ್ನೆ ಆ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು, "ಇದರಲ್ಲಿ ಯಾವ ಕಾಯಿ ಯಾರದ್ದು, ಹೇಳು" ಎಂದೆ. ಅರ್ಧ ಗಂಟೆ ಹೇಳಿದಳು. ತುದಿಯಲ್ಲಿರುವ ದೊಡ್ಡ ಕಾಯಿ ಸೀನ ಮಾಮನಿಗಂತೆ. ಏಣಿ ಮಾತ್ರ ನೀನೇ ತರಬೇಕಂತೆ.

ನಿನ್ನವನೇ ಆದ ಗೆಳೆಯ