ಸಿಸ್ಟರ್‌ಗಳಿಗೆ ಒಂದು ಥ್ಯಾಂಕ್ಸ್

ಸಂಪಾದಕರೇ,

ಹೋದ ತಿಂಗಳು ನಮ್ಮ ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಲೂರಿನಿಂದ ಹಾಸನಕ್ಕೆ ಕರೆತಂದು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆವು. ಆಪರೇಷನ್ ಮಾಡಿದ್ದು ಡಾಕ್ಟರು, ನಿಜ. ಆದರೆ ಅವರು ದಿನಕ್ಕೆ ಐದು ನಿಮಿಷ ಬಂದು ಹೋಗುತ್ತಿದ್ದರು, ಮಿಕ್ಕ ಹೊತ್ತೆಲ್ಲಾ ನೋಡಿಕೊಂಡದ್ದು ಸಿಸ್ಟರ್‌ಗಳೇ ಅಲ್ವಾ?

ಬೆನ್ನಲ್ಲಿ ಹುಣ್ಣಾಗಬಾರದು ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅದು ರಾತ್ರಿ ಎರಡಾದರೂ ಸರಿ, ನಾಲ್ಕಾದರೂ ಸರಿ. ನಾನು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದೆ, ಅವರು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಅಮ್ಮನಿಗೆ ಬೆಡ್‌ಪ್ಯಾನ್ ಕೇಳಲು ನಾಚಿಕೆ. "ಅಜ್ಜಿ, ನಾನೂ ನಿಮ್ಮ ಮೊಮ್ಮಗಳ ಥರಾನೇ, ಹೇಳಿ" ಅಂತ ಒಬ್ಬ ಹುಡುಗಿ ಮುಖ ಚೂರೂ ಕಿವುಚದೆ ಎಲ್ಲಾ ಮಾಡಿದಳು. ಹೆತ್ತ ಮಗನಾಗಿ ನಾನೇ ಹಿಂಜರಿದ ಕೆಲಸ ಅದು.

ಒಂದು ರಾತ್ರಿ ಗ್ಲೂಕೋಸ್ ಬಾಟಲಿ ಬದಲಿಸಲು ಹತ್ತು ನಿಮಿಷ ತಡವಾಯಿತು ಅಂತ ಪಕ್ಕದ ಬೆಡ್ಡಿನ ಕಡೆಯವರು ಸುಮ್ನೆ ಕೂಗಾಡಿದರು. ಇಡೀ ವಾರ್ಡಿಗೆ ಅವತ್ತು ಇದ್ದದ್ದು ಇಬ್ಬರೇ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ರಾತ್ರಿಯೆಲ್ಲಾ ದೀಪ ಹಿಡಿದು ನೋಡಿಕೊಂಡ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ ಅಂತ ಮೇ 12ರಂದು ದಾದಿಯರ ದಿನ ಮಾಡಿ, ಹೂ ಕೊಟ್ಟು, ಫೋಟೊ ತೆಗೆಸಿಕೊಳ್ಳುತ್ತೇವೆ. ಹೂ ಬೇಡ ಅಂತಲ್ಲ, ನೈಟ್ ಡ್ಯೂಟಿಗೆ ಇನ್ನಿಬ್ಬರನ್ನು ಹಾಕಿದರೆ ಅವರಿಗೆ ಜಾಸ್ತಿ ಖುಷಿ ಆಗುತ್ತಿತ್ತೇನೋ.

ಅಮ್ಮ ಈಗ ವಾಕರ್ ಹಿಡಿದು ಅಡುಗೆಮನೆವರೆಗೆ ಹೋಗುತ್ತಾರೆ. ಮುಂದಿನ ವಾರ ಚೆಕಪ್‌ಗೆ ಹೋಗುವಾಗ ಆ ಹುಡುಗಿಗೆ ಅಕ್ಕಿ ರೊಟ್ಟಿ ಕಟ್ಟಿಕೊಂಡು ಹೋಗಬೇಕಂತೆ, ಒಂದೇ ಹಠ.

– ಒಬ್ಬ ಓದುಗ, ಆಲೂರು, ಹಾಸನ ಜಿಲ್ಲೆ